ಕೆಂಪು ಬಾವುಟ ಕಲಿಸಿದ್ದು

ಫೌಜಿನಲ್ಲಿ ನನ್ನ ನೌಕರಿಯ ಒಂದು ಭಾಗ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಪೋಖರಣ್ ಫೀಲ್ಡ್ ಫೈರಿಂಗ್ ರೇಂಜಿನಲ್ಲಿ ಕಳೆಯಿತು. ತೋಪು, ಟ್ಯಾಂಕುಗಳು ಗುಂಡು ಹಾರಿಸುವ ದಿನ ದಾರಿ ಕಾಯುವುದು, ಕೆಂಪು ಬಾವುಟ ಏರಿಸುವುದು, ದನ, ಕುರಿ, ಮನುಷ್ಯರು ಒಳಗೆ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ನಮ್ಮ ತಂಡದ ಕೆಲಸ. 1974 ಮತ್ತು 1998ರ ಅಣು ಪರೀಕ್ಷೆಗಳಿಂದ ಆ ಊರಿನ ಹೆಸರು ದೇಶಕ್ಕೆಲ್ಲ ಗೊತ್ತು. ಅದೇ ಬಯಲು ಎರೆಭೂತ ಹಕ್ಕಿಯ ಕೊನೆಯ ಆಸರೆಗಳಲ್ಲಿ ಒಂದು ಎಂಬುದು ಮಾತ್ರ ನಮ್ಮ ರೋಣ, ನರಗುಂದದ ಕಡೆ ಹೆಚ್ಚು ಮಂದಿಗೆ ಗೊತ್ತಿಲ್ಲ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಗಜೇಂದ್ರಗಡದ ಗುಡ್ಡಕ್ಕೆ ಕಾಲೇಜು ಹುಡುಗರನ್ನೂ ಎನ್‌ಸಿಸಿ ಕೆಡೆಟ್‌ಗಳನ್ನೂ ಕರೆದುಕೊಂಡು ಹೋಗುತ್ತೇನೆ. "ಬಾಂಬ್ ಬೀಳೋ ಜಾಗದಾಗ ಹಕ್ಕಿ ಹೆಂಗ್ ಬದುಕ್ತಾವ್ರೀ ಸರ?" ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಾರೆ. ಗುಡ್ಡ ಹತ್ತುತ್ತ ಅವರಿಗೆ ಹೇಳುವ ಮಾತುಗಳೇ ಇವು.

1. ಮೊದಲು ನೇಗಿಲು ಎಲ್ಲಿಗೆ ಬಂದಿಲ್ಲ ಎಂದು ನೋಡಿ

ಎರೆಭೂತ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಗಂಡು 15 ಕಿಲೊವರೆಗೂ ತೂಗುತ್ತದೆ. ಮೊಟ್ಟೆ ಸಾಮಾನ್ಯವಾಗಿ ವರ್ಷಕ್ಕೊಂದು, ಅದೂ ಬರೀ ನೆಲದ ಮೇಲೆ. ಒಂದು ಕಾಲಕ್ಕೆ ಪಂಜಾಬಿನಿಂದ ದಖ್ಖನಿನವರೆಗೆ ಬಯಲು ಹುಲ್ಲುಗಾವಲು ಇದ್ದಲ್ಲೆಲ್ಲ ಈ ಹಕ್ಕಿ ಇತ್ತು. ಈಗ ಬಯಲಿನಲ್ಲಿ ಉಳಿದಿರುವವು 150ರ ಆಚೀಚೆ ಎಂದು ತಜ್ಞರ ಅಂದಾಜು. ಅವುಗಳಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲೇ ಇವೆ: ಡೆಸರ್ಟ್ ನ್ಯಾಷನಲ್ ಪಾರ್ಕಿನಲ್ಲಿ ಒಂದಷ್ಟು, ಪೋಖರಣ್ ರೇಂಜು ಮತ್ತು ಅದರ ಅಂಚಿನ ರಾಮದೇವ್ರಾ, ಖೇತೋಲಾಯಿ ಸುತ್ತ ಒಂದಷ್ಟು. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡದ್ದಿದೆ.

ಹಕ್ಕಿ ಉಳಿಸಬೇಕೆಂದು ಆ ರೇಂಜನ್ನು ಯಾರೂ ಮಾಡಲಿಲ್ಲ. ಗುಂಡು ಹಾರಿಸಲು ದೊಡ್ಡ ಬಯಲು ಬೇಕಾಗಿತ್ತು, ಅಷ್ಟೇ. ಆದರೆ ಗುಂಡು ಹಾರುವ ಜಾಗಕ್ಕೆ ಟ್ರ್ಯಾಕ್ಟರ್ ಬರುವುದಿಲ್ಲ, ಬೋರ್‌ವೆಲ್ ಬರುವುದಿಲ್ಲ, ಲೇಔಟ್ ಬರುವುದಿಲ್ಲ. ಸೇವಣ್ ಹುಲ್ಲು ತನ್ನ ಪಾಡಿಗೆ ಬೆಳೆಯಿತು. ಹುಲ್ಲು ಉಳಿದಲ್ಲಿ ಮಿಡತೆ, ಓತಿಕ್ಯಾತ, ಇಲಿ ಉಳಿದವು. ಹಕ್ಕಿಗೆ ಬೇಕಾದದ್ದು ಅದೇ.

ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲೂ ಇದೇ ಆಗಿದೆ. ಅಲ್ಲಿ ಸೇನೆ 1897ರಿಂದ ಜಮೀನು ಕೊಳ್ಳತೊಡಗಿತು. 1943ರಲ್ಲಿ ಇಂಬರ್ ಎಂಬ ಹಳ್ಳಿಯನ್ನೇ ಖಾಲಿ ಮಾಡಿಸಿತು. ಊರವರಿಗೆ ಮತ್ತೆ ಬಂದು ನೆಲಸಲು ಬಿಡಲಿಲ್ಲ. ಸುತ್ತಲಿನ ಸೀಮೆಯೆಲ್ಲ ಹೊಲವಾದರೂ ಸುಣ್ಣದ ನೆಲದ ಹಳೆಯ ಹುಲ್ಲುಗಾವಲು ರೇಂಜಿನೊಳಗೆ ಉಳಿಯಿತು. ಬ್ರಿಟನ್ನಿನಲ್ಲಿ 1832ರ ಹೊತ್ತಿಗೆ ನಿರ್ನಾಮವಾಗಿದ್ದ ಎರೆಭೂತದ ಸೋದರ ಹಕ್ಕಿಯನ್ನು 2004ರಿಂದ ಮತ್ತೆ ಬಿಡುತ್ತಿರುವುದು ಅದೇ ಬಯಲಿನಲ್ಲಿ. ಟ್ಯಾಂಕಿನ ಚೈನು ಕೊರೆದ ಗುಂಡಿಯಲ್ಲಿ ಮಳೆನೀರು ನಿಂತರೆ ಅದರಲ್ಲಿ ಹುಟ್ಟುವ ಅಪರೂಪದ ಪುಟ್ಟ ಸೀಗಡಿಯೊಂದಿದೆ. ಟ್ಯಾಂಕು ಓಡಾಡುವುದು ನಿಂತರೆ ಅದಕ್ಕೇ ಕಷ್ಟ!

ನರಗುಂದ, ರೋಣದ ಎರಿ ಭೂಮಿಗೆ ಮಲಪ್ರಭಾ ಕಾಲುವೆ ಬಂತು, ಬೆಳೆ ಬದಲಾಯಿತು, ಹೊಲದ ಬದುವೂ ಉಳಿಯದ ಹಾಗೆ ಉಳುಮೆ ನಡೆಯಿತು. ರೈತನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಾನೂ ಹಿಂಗಾರಿಗೆ ಕಡಲಿ ಬಿತ್ತುವವನೇ. ಆದರೆ ನರಗುಂದ, ರೋಣ, ಗಜೇಂದ್ರಗಡ ಈ ಮೂರೂ ತಾಲೂಕಿನಲ್ಲಿ ನೇಗಿಲು ತಾಗದ ನೆಲ ಎಲ್ಲಿದೆ ಎಂದು ಹುಡುಕುತ್ತ ಹೋದರೆ ಗಜೇಂದ್ರಗಡದ ಗುಡ್ಡದ ಸಾಲು, ನರಗುಂದದ ಕೋಟೆಗುಡ್ಡ, ಅಲ್ಲಲ್ಲಿ ಉಳಿದ ಗಾಯರಾಣ ಬಿಟ್ಟರೆ ಬೇರೆ ಹೆಚ್ಚಿಗೆ ಸಿಗುವುದಿಲ್ಲ. ತೋಳ, ಕತ್ತೆಕಿರುಬಗಳೂ ಅಲ್ಲೇ ಸಿಗುತ್ತವೆ.

2. ಸದ್ದಿಗಿಂತ ಹೆಜ್ಜೆಗೆ ಹೆದರುತ್ತವೆ

ಫೈರಿಂಗ್ ನಿಂತ ಸ್ವಲ್ಪ ಹೊತ್ತಿಗೆ ಚಿಂಕಾರಗಳು ತಿರುಗಿ ಮೇಯಲು ಬರುವುದನ್ನು ನೋಡುತ್ತಿದ್ದೆವು. ದೂರದಲ್ಲಿ ನಿಂತ ಜೀಪಿಗೆ ಅವು ತಲೆ ಎತ್ತುತ್ತಲೂ ಇರಲಿಲ್ಲ. ಅದೇ ಜೀಪಿನಿಂದ ಒಬ್ಬ ಜವಾನ ಕೆಳಗಿಳಿದು ನಡೆಯತೊಡಗಿದರೆ ಕಣ್ಣಿಗೆ ಕಾಣದಷ್ಟು ದೂರ ಓಡುತ್ತಿದ್ದವು. ನಮ್ಮಲ್ಲಿ ಚಿಗರಿಗಳೂ ಹಾಗೆಯೇ. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುವವನ ಹತ್ತಿರವೇ ಮೇಯುತ್ತವೆ, ಬದುವಿನ ಮೇಲೆ ನಡೆದು ಬರುವವನನ್ನು ಕಂಡು ಜಿಗಿಯುತ್ತವೆ.

ಇದನ್ನು ಸೇನೆಗೆ ಕೊಟ್ಟ ಸರ್ಟಿಫಿಕೇಟು ಎಂದು ಓದಬೇಡಿ. ಮುರ್ಡೇಶ್ವರದ ಎದುರು ಸಮುದ್ರದಲ್ಲಿರುವ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ, ಸುತ್ತ ಹವಳ ಬೆಳೆದ ಪುಟ್ಟ ದ್ವೀಪ ಅದು. ಮರುಭೂಮಿಯ ಬಯಲಿನಲ್ಲಿ ಪ್ರಾಣಿಗೆ ಓಡಲು ಜಾಗವಿದೆ, ದ್ವೀಪದಲ್ಲಿ ಗೂಡು ಓಡುವುದಿಲ್ಲ. ಪರಿಸರದವರೂ ಮೀನುಗಾರರೂ ಆ ಅಭ್ಯಾಸವನ್ನು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ರೇಂಜು ದೊಡ್ಡದಿದ್ದು, ಗುಂಡು ಬೀಳುವ ಜಾಗ ಅದರೊಳಗೆ ಚಿಕ್ಕದಾಗಿದ್ದರೆ ಮಾತ್ರ ನಾನು ಹೇಳುವ ಲೆಕ್ಕ ಕೂಡುತ್ತದೆ.

3. ಸದಾ ಮುಚ್ಚಬೇಡಿ, ಗೊತ್ತಾದ ದಿನ ಪೂರ್ತಿ ಮುಚ್ಚಿ

ಸೇನೆ ತನ್ನ ಸ್ವಂತದ್ದಲ್ಲದ ನೆಲದಲ್ಲಿ ಗುಂಡು ಹಾರಿಸಬೇಕಾದರೆ 1938ರ ಒಂದು ಕಾಯ್ದೆಯಿದೆ. ಕವಾಯತು, ಫೀಲ್ಡ್ ಫೈರಿಂಗ್, ತೋಪಿನ ಅಭ್ಯಾಸಕ್ಕೆಂದೇ ಮಾಡಿದ್ದು. ಬ್ರಿಟಿಷರ ಕಾಲದ್ದಾದರೂ ಅದರ ತಿರುಳು ನನಗೆ ಹಿಡಿಸಿದೆ. ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಜಾಗದ ಎಲ್ಲೆಯನ್ನೂ ಅವಧಿಯನ್ನೂ ಗೊತ್ತುಪಡಿಸಬೇಕು. ಊರವರಿಗೆ ಮುಂಚೆ ತಿಳಿಸಬೇಕು. ಅಭ್ಯಾಸದ ಹೊತ್ತಿಗೆ ಯಾರೂ ಒಳಗಿರಬಾರದು. ಹಾನಿಯಾದರೆ ಪರಿಹಾರ ಕೊಡಬೇಕು. ದಿನ ಮುಗಿದ ಮೇಲೆ ನೆಲ ಊರವರದ್ದೇ.

ಬಾವುಟ ಏರಿತೆಂದರೆ ನಮ್ಮ ಕರ್ನಲ್ ಸಾಹೇಬರ ಜೀಪೂ ಒಳಗೆ ಹೋಗುತ್ತಿರಲಿಲ್ಲ. ಇಳಿಯಿತೆಂದರೆ ಊರ ಮುದುಕಿಯೂ ಆಡು ಹೊಡೆದುಕೊಂಡು ಬರುತ್ತಿದ್ದಳು. ನಿಯಮ ಎಲ್ಲರಿಗೂ ಒಂದೇ ಇದ್ದದ್ದರಿಂದ ಜಗಳ ಕಡಿಮೆ.

ನಮ್ಮ ಕಡೆ ಕಾಡು ಕಾಯುವ ಮಾತು ಬಂದರೆ ಎರಡೇ ತುದಿ. ಒಂದೋ ವರ್ಷವಿಡೀ ಬೇಲಿ, ಇಲ್ಲವೇ ವರ್ಷವಿಡೀ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಹಾಗೆ ಯಾರು ಬೇಕಾದರೂ ನುಗ್ಗಬಹುದು. ಆದರೆ ಗುಡ್ಡಕ್ಕೂ ಅದರದೇ ಕ್ಯಾಲೆಂಡರ್ ಇದೆ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಬಂಡೆಯ ಸಂದಿನಲ್ಲಿ ದೊಡ್ಡ ಗೂಬೆ ಮೊಟ್ಟೆ ಇಡುವುದೂ ಹೆಚ್ಚುಕಡಿಮೆ ಆಗಲೇ ಶುರುವಾಗುತ್ತದೆ. ಮಳೆಗಾಲದ ಮೊದಲ ಎರಡು ತಿಂಗಳು ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಹೊತ್ತು. ಇಂಥ ತಿಂಗಳುಗಳಲ್ಲಿ ಇಂಥ ಗವಿ, ಇಂಥ ಓರೆಯ ಕಡೆ ಯಾರೂ ಹೋಗಬಾರದು ಎಂದು ಊರು, ಪಂಚಾಯಿತಿ, ಕುರಿಗಾರರು, ಅರಣ್ಯದವರು ಕೂತು ಗೊತ್ತುಮಾಡಿದರೆ ಉಳಿದ ದಿನ ಗುಡ್ಡ ತೆರೆದೇ ಇರಬಹುದು. ಬಂದೂಕೂ ಬೇಡ, ಬೇಲಿಯೂ ಬೇಡ. ಬಾವುಟ ಏರಿಸುವವನಿಗೆ ಅದನ್ನು ಇಳಿಸುವ ಬುದ್ಧಿಯೂ ಇರಬೇಕು. ಇಳಿಸದಿದ್ದರೆ ಮುಂದಿನ ಸಲ ಊರವರು ಅದನ್ನು ನಂಬುವುದಿಲ್ಲ.

4. ಬಿದ್ದದ್ದನ್ನು ಮುಟ್ಟಬೇಡಿ

ಸಿಡಿಯದೆ ಉಳಿದ ಗುಂಡಿಗೆ ಫೌಜಿನಲ್ಲಿ 'ಬ್ಲೈಂಡ್' ಅನ್ನುತ್ತೇವೆ. ಪ್ರತಿ ಫೈರಿಂಗ್ ಮುಗಿದ ಮೇಲೆ ಅವನ್ನು ಹುಡುಕಿ ಅಲ್ಲೇ ಸಿಡಿಸಬೇಕು. ಎಷ್ಟು ಹುಡುಕಿದರೂ ಮರಳಿನಲ್ಲಿ ಹೂತದ್ದು ಉಳಿದೇ ಉಳಿಯುತ್ತದೆ. ಗುಜರಿಗೆ ಹಾಕಲು ತಾಮ್ರ, ಹಿತ್ತಾಳೆ ಆಯಲು ಬಂದವರು ಕೈಕಾಲು, ಜೀವ ಕಳೆದುಕೊಂಡ ಸುದ್ದಿ ದೇಶದ ಬೇರೆ ಬೇರೆ ರೇಂಜುಗಳಿಂದ ಬರುತ್ತಲೇ ಇರುತ್ತದೆ. ಹಕ್ಕಿಗೆ ಕಾವಲಾದ ಭಯ ಬಡವನ ಪ್ರಾಣ ತೆಗೆದೂ ಇದೆ. ರೇಂಜುಗಳನ್ನು 'ತಾನಾಗಿ ಆದ ಅಭಯಾರಣ್ಯ' ಎಂದು ಹೊಗಳಿ ಬರೆಯುವವರು ಈ ಲೆಕ್ಕವನ್ನೂ ಬರೆಯಬೇಕು.

5. ಲಂಗರಿನ ಹಿಂದೆ ಏನಿದೆ ನೋಡಿ

ಕ್ಯಾಂಪು ಬಿದ್ದಲ್ಲಿ ಲಂಗರು, ಅಂದರೆ ನಮ್ಮ ಅಡುಗೆಮನೆ. ಲಂಗರಿದ್ದಲ್ಲಿ ಮಿಕ್ಕಿದ ರೋಟಿ, ದಾಲ್, ಎಲುಬು. ಎರಡನೇ ದಿನಕ್ಕೆ ನಾಯಿ, ಮೂರನೇ ದಿನಕ್ಕೆ ಕಾಗೆ. ಕ್ಯಾಂಪು ಎತ್ತಿದ ಮೇಲೂ ನಾಯಿ ಹೋಗುವುದಿಲ್ಲ. ಹಸಿದು ಗುಂಪು ಕಟ್ಟಿ ಚಿಂಕಾರ ಮರಿಯನ್ನೂ ನೆಲದ ಮೇಲಿನ ಮೊಟ್ಟೆಯನ್ನೂ ಹುಡುಕುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ತೋಪಿನ ಗುಂಡಿಗಿಂತ ಈ ನಾಯಿ ದೊಡ್ಡ ಶತ್ರು. ಮಿಕ್ಕಿದ ಅನ್ನವನ್ನು ಆಳವಾಗಿ ಹೂಳಿ ಮೇಲೆ ಸುಣ್ಣ ಹಾಕಬೇಕೆಂಬ ಹಳೆಯ ನಿಯಮವನ್ನು ನಮ್ಮ ಸುಬೇದಾರರೊಬ್ಬರು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಅವರಿಗೆ ಹಕ್ಕಿಯ ಚಿಂತೆ ಇರಲಿಲ್ಲ, ನೊಣದ ಚಿಂತೆ ಇತ್ತು. ಹಕ್ಕಿಗೂ ಅದರಿಂದ ಒಳ್ಳೆಯದೇ ಆಯಿತು.

ಗಜೇಂದ್ರಗಡದ ಗುಡ್ಡದ ಮೇಲೆ ರಜೆಯ ದಿನ ಬಿರಿಯಾನಿ ಪೊಟ್ಟಣ, ಚಿಪ್ಸ್ ಕವರು, ಒಡೆದ ಬಾಟಲಿ. ಸೋಮವಾರ ಬೆಳಿಗ್ಗೆ ಹೋದರೆ ಊರ ನಾಯಿಗಳು ಮೇಲಿರುತ್ತವೆ. ಅವು ಅಲ್ಲೇ ಉಳಿದರೆ ತೋಳಕ್ಕೆ ಎರಡು ಪೆಟ್ಟು. ಒಂದು, ನಾಯಿಯ ಕಾಯಿಲೆ, ಡಿಸ್ಟೆಂಪರು, ರೇಬೀಸು ತೋಳಕ್ಕೆ ಅಂಟುತ್ತದೆ. ಎರಡು, ನಾಯಿ-ತೋಳ ಕೂಡಿ ಬೆರಕೆ ಮರಿ ಹುಟ್ಟುತ್ತದೆ; ದಖ್ಖನಿನಲ್ಲಿ ಅಂಥವು ಕಂಡದ್ದಿದೆ. ಬೆರಕೆಯಾದ ತೋಳಕ್ಕೆ ಮನುಷ್ಯನ ಅಂಜಿಕೆ ಕಡಿಮೆಯಾಗಬಹುದು ಎಂಬುದು ತಿಳಿದವರ ಆತಂಕ. ಅಂಜಿಕೆ ಇಲ್ಲದ ತೋಳ ಊರಿಗೆ ಬಂದರೆ ಆಮೇಲೆ ಬೈಸಿಕೊಳ್ಳುವುದು ತೋಳವೇ. ಆದ್ದರಿಂದ ನನ್ನ ಕೆಡೆಟ್‌ಗಳಿಗೆ ಒಂದೇ ಆಜ್ಞೆ: ಚೀಲದಲ್ಲಿ ತಂದ ರೊಟ್ಟಿಯ ಚೂರೂ ಚೀಲದಲ್ಲೇ ಕೆಳಗಿಳಿಯಬೇಕು.

6. ತಲೆ ಎತ್ತಿ ತಂತಿ ಎಣಿಸಿ

ಎರೆಭೂತದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ; ನೇರ ಎದುರಿನದು ಸರಿಯಾಗಿ ಕಾಣುವುದಿಲ್ಲ. ಮೈ ಭಾರ, ಹಾರುವಾಗ ಥಟ್ಟನೆ ತಿರುಗಲಾರದು. ವಿದ್ಯುತ್ ತಂತಿ ಕಾಣುವ ಹೊತ್ತಿಗೆ ಬಡಿದಾಗಿರುತ್ತದೆ. ಜೈಸಲ್ಮೇರಿನಲ್ಲಿ ಸೋಲಾರ್, ಗಾಳಿ ವಿದ್ಯುತ್ತಿನ ಲೈನುಗಳು ಹೆಚ್ಚಿದಂತೆ ಈ ಹಕ್ಕಿಯ ಸಾವಿಗೆ ಅವೇ ಮುಖ್ಯ ಕಾರಣವಾದವು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹಕ್ಕಿಯ ನೆಲೆಗಳಲ್ಲಿ ಲೈನುಗಳನ್ನು ನೆಲದೊಳಗೆ ಹಾಕಲು ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ಎಲ್ಲಿ ಏನು ಸಾಧ್ಯ ಎಂದು ನೋಡಲು ತಜ್ಞರ ಸಮಿತಿ ಮಾಡಿತು. ತೋಪಿನ ರೇಂಜಿನೊಳಗೆ ಬದುಕಿದ ಹಕ್ಕಿ ರೇಂಜಿನ ಹೊರಗಿನ ತಂತಿಗೆ ಸತ್ತಿತು ಎಂಬುದು ಸೈನಿಕನಾದ ನನಗೆ ವಿಚಿತ್ರವೆನಿಸುವ ಸಂಗತಿ.

ಗಜೇಂದ್ರಗಡಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಗುಡ್ಡದ ಮೇಲಿನ ಫ್ಯಾನುಗಳು. ಗದಗ ಜಿಲ್ಲೆಯ ಗಾಳಿ ಒಳ್ಳೆಯದು, ವಿದ್ಯುತ್ತೂ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫ್ಯಾನಿಗಿಂತ ಅದಕ್ಕೆ ಹೋಗುವ ರಸ್ತೆ ಮತ್ತು ಅಲ್ಲಿಂದ ಬರುವ ಲೈನು ಹೆಚ್ಚು ನೆಲ ನುಂಗುತ್ತವೆ. ರಸ್ತೆಯಾದ ಮೇಲೆ ಬೈಕು, ಬೈಕಿನ ಹಿಂದೆ ಐದನೇ ಪಾಠದ ಬಿರಿಯಾನಿ. ಹೊಸ ಲೈನು ಎಳೆಯುವಾಗ ಹಕ್ಕಿಗೆ ಕಾಣುವ ತಟ್ಟೆಗಳನ್ನು ತಂತಿಗೆ ತೂಗುಹಾಕಬಹುದು. ಇದೇ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಿಗ್ಗೆ ಸಂಜೆ ಹೊಲಕ್ಕೆ ಮೇಯಲು ಹೋಗಿ ಬರುವ ಅವುಗಳ ದಾರಿಯಲ್ಲೂ ತಂತಿಗಳಿವೆ.

7. ಹುಲ್ಲನ್ನು ಬಂಜರು ಅನ್ನಬೇಡಿ

ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಎರೆಭೂತವೂ ಅಲ್ಲಿತ್ತು. ಆದರೆ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟಿದ್ದರು. ಮರ ಎದ್ದಿತು, ಬಯಲಿನ ಹಕ್ಕಿ ಹೋಯಿತು. ಕಾಗದದ ಮೇಲೆ ರಕ್ಷಣೆ ಇದ್ದ ಜಾಗಕ್ಕಿಂತ ತೋಪಿನ ಗುಂಡು ಬಿದ್ದ ಜಾಗದಲ್ಲಿ ಹಕ್ಕಿ ಹೆಚ್ಚು ದಿನ ಉಳಿಯಿತು.

ಪರಿಸರ ದಿನದಂದು ಗುಡ್ಡದ ನೆತ್ತಿಯ ಮೇಲೆ ಗುಂಡಿ ತೋಡಿ ಸಸಿ ನೆಡಲು ಹೊರಡುವವರಿಗೆ ನಾನು ಕೈಮುಗಿದು ಹೇಳುವುದಿಷ್ಟೇ: ಸಸಿಯನ್ನು ಶಾಲೆಯ ಅಂಗಳದಲ್ಲಿ, ರಸ್ತೆ ಬದಿಯಲ್ಲಿ, ನಿಮ್ಮ ಹೊಲದ ಬದುವಿನಲ್ಲಿ ನೆಡಿ. ಕಲ್ಲು, ಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಇರುವ ಆ ನೆತ್ತಿ ಹೇಗಿದೆಯೋ ಹಾಗೆಯೇ ಪೂರ್ತಿ ಇದೆ. ಬೆಂಕಿ ಮಾತ್ರ ಬೀಳದಂತೆ ನೋಡಿಕೊಳ್ಳಿ. ರೇಂಜಿನಲ್ಲಿ ಟ್ರೇಸರ್ ಗುಂಡಿನಿಂದ ಹುಲ್ಲಿಗೆ ಬೆಂಕಿ ಹತ್ತಿದರೆ ಫೈರಿಂಗ್ ನಿಲ್ಲಿಸಿ ಮೊದಲು ಅದನ್ನು ಆರಿಸುತ್ತಿದ್ದೆವು.

8. ಹಳೆಯ ಫೌಜಿನ ನೀರು ಉಳಿಸಿ

ಈ ಗುಡ್ಡಗಳೂ ಒಂದು ಕಾಲದ ಸೈನ್ಯದ ನೆಲವೇ. ಗಜೇಂದ್ರಗಡದ ಕೋಟೆ ಘೋರ್ಪಡೆಯವರದು. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಆದ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ. ನರಗುಂದದ ಬಾಬಾಸಾಹೇಬ ಭಾವೆ 1858ರ ಮೇ ತಿಂಗಳಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಫೌಜು ಹೋಯಿತು. ಗುಡ್ಡದ ಮೇಲೆ ಸೈನಿಕರಿಗಾಗಿ ಬಂಡೆ ಕಡಿದು ಮಾಡಿದ ಹೊಂಡಗಳು ಉಳಿದವು.

ಬೇಸಿಗೆಯಲ್ಲಿ ಸುತ್ತ ಎಲ್ಲ ಒಣಗಿದಾಗ ಆ ಹೊಂಡದ ಅಂಚಿನ ಕೆಸರನ್ನು ಓದಿದರೆ ರಾತ್ರಿ ಯಾರ್‍ಯಾರು ಬಂದಿದ್ದರೆಂದು ತಿಳಿಯುತ್ತದೆ. ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ದೊಡ್ಡದು. ತೋಳದ್ದು ನಾಯಿಯದಕ್ಕಿಂತ ಉದ್ದ, ನಡೆದ ಗೆರೆ ನೇರ. ಹೊಂಡದ ಹೂಳು ತೆಗೆಯುವುದಾದರೆ ಕೈಯಿಂದ ತೆಗೆಯಿರಿ. ಒಂದು ಬದಿ ಇಳಿಜಾರಾಗಿರಲಿ, ಮರಿ ಬಿದ್ದರೆ ಹತ್ತಿ ಬರಲು. ಸುತ್ತ ಕಾಂಕ್ರೀಟು, ಗ್ರಿಲ್ಲು ಬೇಡ.

9. ಮುಚ್ಚಿದ ನೆಲದ ಬೆಲೆ ಯಾರು ಕೊಡುತ್ತಾರೆ?

ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ತೋಪು ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ನಮ್ಮ ರಾಜ್ಯದಲ್ಲಿ ಸೈನ್ಯದ ನೆಲವೇ ಕಾಡುಪ್ರಾಣಿಯ ನೆಲವಾದದ್ದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎತ್ತಿನ ಹುಲ್ಲನ್ನೇ ಚಿಗರಿ, ಎರೆಭೂತ, ತೋಳ, ಸುತ್ತಲಿನ ಊರವರ ಕುರಿ ಹಂಚಿಕೊಂಡವು. ಚಳ್ಳಕೆರೆಯ ಬಳಿಯ ಅಂಥ ಕಾವಲುಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸುಮಾರು 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಡಲಾಯಿತು. ಗೋಡೆಗಳೆದ್ದವು. ವಿಮಾನ ಪರೀಕ್ಷೆಯ ರೇಂಜು 2017ರಲ್ಲಿ ಶುರುವಾಯಿತು. ದೇಶಕ್ಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಗೋಡೆಯಾಚೆ ನಿಂತ ಕುರಿಗಾರನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಹಸಿರು ನ್ಯಾಯಾಧಿಕರಣದವರೆಗೂ ಆ ತಕರಾರು ಹೋಗಿತ್ತು. ಪೋಖರಣ್‌ನಲ್ಲಿ ಬಾವುಟ ಇಳಿಯುತ್ತಿತ್ತು, ಗೋಡೆ ಇಳಿಯುವುದಿಲ್ಲ.

ನಮ್ಮ ಗುಡ್ಡದ ಓರೆಯಲ್ಲಿ ಕುರಿ ಮೇಯಿಸುವ ಅಜ್ಜನೊಬ್ಬನನ್ನು ಕೇಳಿದೆ: "ಯಜ್ಜಾ, ತ್ವಾಳ ಮರಿ ಒಯ್ದ್ರ ಸಿಟ್ ಬರೂದಿಲ್ಲೇನು?"

"ಬರತೈತಿ ತಮ್ಮಾ, ಯಾಕ್ ಬರೂದಿಲ್ಲ. ಆದ್ರ ಅದ್ರ ಪಾಲು ಅದಕ್ಕ ಐತಿ. ನಾ ನಿದ್ದಿ ಮಾಡಿದ್ದಕ್ಕ ಅದು ಒಯ್ದೈತಿ. ಫ್ಯಾನ್‌ನವ್ರು ಗುಡ್ಡಾನ ಒಯ್ದ್ರಲ್ಲ, ಅವ್ರನ್ನ ಯಾರ್ ಕೇಳ್ಯಾರ?"

ಪೋಖರಣ್‌ನಲ್ಲೂ ನಾವು ಬರುವುದಕ್ಕೆ ಎಷ್ಟೋ ಮುಂಚಿನಿಂದ ಚಿಂಕಾರ ಕಾಯುತ್ತಿದ್ದವರು ಬಿಷ್ಣೋಯಿಗಳು. ಖೇತೋಲಾಯಿಯಲ್ಲಿ ಅವರದೇ ಮನೆಗಳು ಹೆಚ್ಚು. ರೇಂಜಿನ ಕೀರ್ತಿಯಲ್ಲಿ ಅವರ ಪಾಲೂ ಇದೆ. ಕುರಿಗಾರನನ್ನು ಓಡಿಸಿ ತೋಳ ಉಳಿಸುತ್ತೇವೆ ಎನ್ನುವ ಯೋಜನೆ ನಮ್ಮ ಗುಡ್ಡದಲ್ಲಿ ನಡೆಯುವುದಿಲ್ಲ. ಚಿಗರಿ ಕಡಿಮೆಯಾದ ಸೀಮೆಯಲ್ಲಿ ತೋಳ ಬದುಕಿರುವುದೇ ಅವನ ಹಿಂಡಿನ ಮೇಲೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರು ನೆಲವನ್ನು ತೋಳಗಳಿಗೆಂದೇ ಸರ್ಕಾರ ಅಭಯಧಾಮ ಮಾಡಿದೆ. ಒಳ್ಳೆಯ ಕೆಲಸ. ಆದರೆ ತೋಳ ರಾತ್ರಿಯಲ್ಲಿ ಮೈಲಿಗಟ್ಟಲೆ ನಡೆಯುವ ಪ್ರಾಣಿ, ಅದಕ್ಕೆ ಆ ಗಡಿ ಸಾಲದು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 244 ಚದರ ಕಿಲೋಮೀಟರು. ಅದಕ್ಕೂ ಗಜೇಂದ್ರಗಡದ ಗುಡ್ಡಕ್ಕೂ ನಡುವಿನ ನೆಲವೆಲ್ಲ ಹೊಲ, ಊರು, ರಸ್ತೆ. ಅಲ್ಲಿ ತೋಳಕ್ಕೆ ದಾರಿ ಕೊಡುವವನು ಕುರಿ ತರುಬಿದ ಹೊಲದ ಕುರಿಗಾರ ಮತ್ತು ಆ ಹೊಲದ ರೈತ.

10. ಜಾಗ ಹೇಳಬೇಡಿ

ಸೈನಿಕನಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೊಂದು: ನೀನೆಲ್ಲಿದ್ದೀಯ ಎಂದು ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗಲಿ. ತೋಳದ ಗವಿ, ಗೂಬೆಯ ಗೂಡು, ಕತ್ತೆಕಿರುಬದ ಬಿಲ ನಿಮ್ಮ ಕಣ್ಣಿಗೆ ಬಿದ್ದರೆ ಫೋಟೊ ತೆಗೆಯಿರಿ, ಆದರೆ ಜಾಗದ ಹೆಸರು, ಮೊಬೈಲಿನ ಲೊಕೇಶನ್ನು ಯಾರಿಗೂ ಕಳಿಸಬೇಡಿ. ಒಂದು ಗ್ರೂಪಿಗೆ ಹಾಕಿದ ಗವಿಯ ಮುಂದೆ ಮುಂದಿನ ಭಾನುವಾರ ಹತ್ತು ಕ್ಯಾಮೆರಾ ನಿಲ್ಲುತ್ತವೆ. ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹಗಲಿನಲ್ಲೇ ಬೇರೆ ಕಡೆ ಸಾಗಿಸಬೇಕಾಗುತ್ತದೆ. ನಾಯಿಗಳಿಗೆ ಅಷ್ಟು ಸಾಕು. ತಿಳಿಸಲೇಬೇಕೆಂದರೆ ಅರಣ್ಯ ಇಲಾಖೆಯ ಬೀಟ್ ಗಾರ್ಡಿಗೆ ತಿಳಿಸಿ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಗಜೇಂದ್ರಗಡಕ್ಕೆ ಬರುವವರಲ್ಲಿ ನನ್ನ ವಿನಂತಿ. ಕಾಲಕಾಲೇಶ್ವರನ ದರ್ಶನ ಮಾಡಿ, ಅಂತರಗಂಗೆಯ ನೀರು ನೋಡಿ, ಕೋಟೆಗೆ ಮೆಟ್ಟಿಲ ದಾರಿಯಲ್ಲೇ ಹತ್ತಿ ಮೆಟ್ಟಿಲ ದಾರಿಯಲ್ಲೇ ಇಳಿಯಿರಿ. ಡ್ರೋನ್ ಹಾರಿಸಬೇಡಿ, ಜೊತೆಗೆ ನಾಯಿ ತರಬೇಡಿ, ಸೂರ್ಯ ಮುಳುಗುವ ಮುಂಚೆ ಕೆಳಗೆ ಬನ್ನಿ. ಬಂಡೆಸಾಲಿನ ಹಿಂದಿನ ಓರೆಯನ್ನು ಆ ನಾಲ್ಕು ತಿಂಗಳು ಮರಿ ಹಾಕಿದವುಗಳಿಗೆ ಬಿಟ್ಟುಕೊಡಿ.